ಹುಣಸೆ ಬೀಜಕ್ಕೊಂದು ಹೆಜ್ಜೆ

ನನ್ನ ಮಾವನಿಗೆ ಪೋಕರ್ ಕಲಿಸಿದವಳು ನಾನು. ಬಿಳಿಗೆರೆ ಹೋಬಳಿಯ ನನ್ನ ತವರಿನಲ್ಲಿ ಈ ಮಾತೆತ್ತಿದರೆ ನನ್ನ ಅವ್ವ ಇವತ್ತಿಗೂ ಎದ್ದು ಹೋಗಿ ಬೀದಿ ಬಾಗಿಲನ್ನು ಮುಂದಕ್ಕೆ ತಳ್ಳಿ ಬರುತ್ತಾಳೆ, ಅಕ್ಕಪಕ್ಕದವರ ಕಿವಿಗೆ ಬೀಳದಿರಲಿ ಅಂತ. ಗಂಡನ ಅಪ್ಪನ ಎದುರಿಗೆ ಸೊಸೆಯಾದವಳು ಇಸ್ಪೀಟು ಹಿಡಿದು ಕೂರುವುದುಂಟೇ ಅನ್ನುವುದು ಅವಳ ಪ್ರಶ್ನೆ. ನಾನು ಕೂತಿದ್ದೆ. ಒಂದು ದಿನವಲ್ಲ, ಹೆಚ್ಚುಕಡಿಮೆ ಎರಡು ತಿಂಗಳು ಕೂತಿದ್ದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಸಂತೋಷವೇ.

ನಾನು ಸೇರಿದ ಮನೆ ನರಸೀಪುರದಿಂದ ನಾಲ್ಕು ಮೈಲಿ ದೂರದ ಹಳ್ಳಿಯಲ್ಲಿದೆ. ನಾಲೆ ನೀರಿನ ಗದ್ದೆ, ಸ್ವಲ್ಪ ಕಬ್ಬು, ಕೊಟ್ಟಿಗೆಯಲ್ಲಿ ನಾಲ್ಕು ಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ಮಾವ ಪಡಸಾಲೆಯಲ್ಲಿದ್ದರೆ ನಾನು ಅಡುಗೆಮನೆ ಬಾಗಿಲ ಪಕ್ಕ ನಿಂತು, ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತಾ ಮಾತಾಡಬೇಕು. ಇದನ್ನು ಆ ಮನೆಯಲ್ಲಿ ಯಾರೂ ನನಗೆ ಹೇಳಿಕೊಡಲಿಲ್ಲ, ತವರಿನಲ್ಲಿ ನೋಡಿಕೊಂಡೇ ಬೆಳೆದಿದ್ದೆ. ಮದುವೆಯಾದ ಎಂಟು ವರ್ಷ ನಾನು ಮಾವನನ್ನು ಅವರ ದನಿಯಿಂದ, ಚಪ್ಪಲಿ ಸದ್ದಿನಿಂದ ಬಲ್ಲವಳಾಗಿದ್ದೆ. ಅವರ ಹುಬ್ಬಿನ ನಡುವೆ ಒಂದು ಹಳೇ ಗಾಯದ ಗುರುತು ಇದೆ ಅಂತ ನನಗೆ ಗೊತ್ತಾದದ್ದೇ ಈ ಇಸ್ಪೀಟಿನಿಂದ.

ಹೊರಗೆ ಮಾತ್ರ ನಾನು ಬೇರೆಯೇ ಹೆಂಗಸು. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಓದಿದವಳು, ಕೋಪ ಮೂಗಿನ ತುದಿಯಲ್ಲೇ ಇಟ್ಟುಕೊಂಡವಳು. ಮದುವೆಯಾಗಿ ಏಳನೇ ವರ್ಷಕ್ಕೆ ತಾಂಡ್ಯದ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳೂಕಾಲಿನ ಬಸ್ಸು ಹಿಡಿದು, ನಂಜನಗೂಡಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಹೋಗಬೇಕು. ಬಿಳಿ ಕೋಟು ಹಾಕಿಕೊಂಡು ಗಾಜಿನ ಕೊಳವೆಗಳ ಮುಂದೆ ನಿಂತಾಗ, ಓದಿದ್ದು ಕೊನೆಗೂ ನನ್ನ ಕೈಗೆ ಬಂತು ಅನ್ನಿಸುತ್ತಿತ್ತು. ಆ ಕೆಲಸದ ಮೇಲೆ ನನಗಿದ್ದ ಆಸೆಯನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಕೊಂಡಿರಲಿಲ್ಲ.

ಕೆಲಸಕ್ಕೆ ಸೇರಿ ವರ್ಷ ತುಂಬುವುದರೊಳಗೆ ಮಾವ ಕೊಟ್ಟಿಗೆಯಲ್ಲಿ ಸಗಣಿ ಮೇಲೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಕಬ್ಬಿಣದ ವಾಕರ್ ಜೊತೆಗೆ ಮನೆಗೆ ಬಂದರು. ನನ್ನ ಗಂಡ ಗೂಡ್ಸ್ ಆಟೋದಲ್ಲಿ ತರಕಾರಿ ತುಂಬಿಕೊಂಡು ನಸುಕಿಗೇ ಹೊರಟರೆ ಬರುವುದು ಸಂಜೆಗೆ. ಅತ್ತೆಗೆ ಹಸು, ಹುಲ್ಲು, ಡೈರಿ. ಹಗಲಿಡೀ ಮಾವನ ಹತ್ತಿರ ಇರಬೇಕಾದವಳು ನಾನೇ. ಲ್ಯಾಬಿನ ಮೇಲಧಿಕಾರಿ ಸಂಬಳವಿಲ್ಲದ ಮೂರು ತಿಂಗಳ ರಜೆ ಕೊಟ್ಟರು. ಅದರ ಮೇಲೆ ಒಂದು ವಾರವೂ ಆಗೋಲ್ಲಮ್ಮ, ಬೇರೆಯವರನ್ನು ತಗೋತೀವಿ ಅಂದರು. ಲೆಕ್ಕ ಸುಲಭವಾಗಿತ್ತು. ಮೂರು ತಿಂಗಳಲ್ಲಿ ಮಾವ ಯಾರ ಸಹಾಯವೂ ಇಲ್ಲದೆ ಎದ್ದು ಬಚ್ಚಲಿಗೆ ಹೋಗಿ ಬರುವಂತಾದರೆ ನನಗೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

ಮಾವ ಏಳಲೊಲ್ಲರು. ನರಸೀಪುರದಿಂದ ವಾರಕ್ಕೆರಡು ಸಲ ಫಿಸಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಅವಳ ಮುಂದೆ ಮರ್ಯಾದೆಗೆ ಅಂತ ನಾಲ್ಕು ಹೆಜ್ಜೆ ಹಾಕುತ್ತಿದ್ದರು. ಅವಳ ಸ್ಕೂಟಿ ಸದ್ದು ಬೀದಿ ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ನೋವಿಗಿಂತ ಹೆಚ್ಚಾಗಿ ಅವರಿಗಿದ್ದದ್ದು ಭಯ.

"ಇನ್ನೊಂದ್ಸಲ ಬಿದ್ರೆ ಇರೋ ಸೊಂಟಾನೂ ಓಯ್ತದೆ, ಸುಮ್ಕಿರು" ಅಂತ ಅತ್ತೆಯನ್ನು ಗದರುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಅವರ ಬೇಸರ ಕಳೆಯಲಿ ಅಂತ ಹಳೇ ಇಸ್ಪೀಟು ಕಟ್ಟು ಹುಡುಕಿ ತಂದರು. ರಮ್ಮಿ ಆಡಲು ಜೊತೆಗಾರರು ಆ ಹೊತ್ತಿನಲ್ಲಿ ಗದ್ದೆಯಲ್ಲಿರುತ್ತಾರೆ. ಮಾವ ಒಬ್ಬರೇ ಎಲೆ ಕಲೆಸಿ, ಹಾಕಿ, ಮತ್ತೆ ಕಲೆಸುತ್ತಿದ್ದರು. ನೋಡಲಾಗದೆ ಬಾಗಿಲ ಪಕ್ಕದಿಂದಲೇ ನನ್ನ ಬಾಯಿ ಜಾರಿತು. "ಮಾವ, ಇಬ್ಬರು ಮೂವರೇ ಆಡೋ ಆಟ ಒಂದು ನನಗೆ ಗೊತ್ತು."

ಮಾವ ಎಲೆ ಕಲೆಸುವುದನ್ನು ನಿಲ್ಲಿಸಿದರು. ಆಮೇಲೆ ಕೇಳಿದರು. "ಎಂಗದು?"

ಹಾಸ್ಟೆಲ್ಲಿನಲ್ಲಿ ಕಡಲೆಕಾಯಿ ಇಟ್ಟುಕೊಂಡು ನಾವು ಹುಡುಗಿಯರು ಆಡುತ್ತಿದ್ದ ಪೋಕರನ್ನು ವಿವರಿಸಿದೆ. ಒಬ್ಬೊಬ್ಬರಿಗೆ ಎರಡೆರಡು ಎಲೆ, ಅದು ಗುಟ್ಟು. ಆಮೇಲೆ ನಡುವೆ ಐದು ಎಲೆ ತೆರೆದು ಹಾಕುವುದು, ಮೊದಲು ಮೂರು, ಆಮೇಲೆ ಒಂದು, ಮತ್ತೊಂದು. ಅವು ಎಲ್ಲರಿಗೂ ಸೇರಿದವು. ತನ್ನೆರಡು, ನಡುವಿನ ಐದು, ಇವುಗಳಲ್ಲಿ ಯಾರ ಐದು ಎಲೆ ದೊಡ್ಡದೋ ಅವರು ಗೆದ್ದಂತೆ. ಪ್ರತಿ ಸಲ ಎಲೆ ತೆರೆದಾಗಲೂ ಪಣ ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಬಿಟ್ಟುಬಿಡಬಹುದು. ಮಾವ ಮೂರೆಲೆ ಆಟದಲ್ಲಿ ಪಳಗಿದವರು, ಅರ್ಧ ಗಂಟೆಯಲ್ಲಿ ಅರ್ಥ ಮಾಡಿಕೊಂಡರು. ಪಣಕ್ಕೆ ಅತ್ತೆ ಹುಣಸೆ ಬೀಜ ತಂದು ಸುರಿದರು. ದುಡ್ಡಿನ ಮಾತೇ ಬೇಡ ಅಂತ ನಾನೇ ಒಂದು ಷರತ್ತು ಹಾಕಿದೆ. ಒಬ್ಬೊಬ್ಬರಿಗೆ ಐವತ್ತು ಬೀಜ, ಪ್ರತಿ ಆಟಕ್ಕೆ ಮೊದಲೇ ಎರಡೆರಡು ನಡುವೆ ಇಡಬೇಕು, ಬಿಟ್ಟವರಿಗೆ ಅವು ಹೋದಂತೆ, ದಿನದ ಕೊನೆಗೆ ಎಷ್ಟು ಬೀಜ ಸೋತಿರುತ್ತೇವೋ ಅಷ್ಟು ಹೆಜ್ಜೆ ನಡೆಯಬೇಕು. ನಾನು ಬಹಳ ಜಾಣೆ ಅಂದುಕೊಂಡಿದ್ದೆ. ಮಾವನೂ ಒಪ್ಪಿದರು. "ಸೋತೋರು ನಡೀಬೇಕು. ನೀನೂ ಅಷ್ಟೆ, ಅವ್ಳೂ ಅಷ್ಟೆ."

ಮಂಚದ ಮೇಲೆ ಮಾವ, ಮುಂದೊಂದು ಸ್ಟೂಲು, ಅದರ ಆಚೆ ನೆಲದ ಮೇಲೆ ಮಣೆ ಹಾಕಿಕೊಂಡು ಅತ್ತೆ ಮತ್ತು ನಾನು. ಅತ್ತೆಯ ಆಟವನ್ನು ಆಟ ಅನ್ನುವಂತಿಲ್ಲ. ಒಳ್ಳೇ ಎಲೆ ಬಂದರೆ ಮುಖ ಅರಳುತ್ತಿತ್ತು, ಕೆಟ್ಟದು ಬಂದರೆ "ಥೂ, ಇದೇನಿದು" ಅಂತ ಬಾಯಿಬಿಟ್ಟೇ ಹೇಳುತ್ತಿದ್ದರು. ಹಾಗಾಗಿ ನಿಜವಾದ ಆಟ ಮಾವನಿಗೂ ನನಗೂ.

ಅಲ್ಲೇ ನಾನು ಎಡವಿದ್ದು. ನನಗೆ ಮಾವನ ಮೇಲೆ ಏರಿಸಲು ಆಗುತ್ತಿರಲಿಲ್ಲ. ಅವರು ಹತ್ತು ಬೀಜ ಮುಂದೆ ತಳ್ಳಿದರೆ, ಇಪ್ಪತ್ತು ತಳ್ಳಿ ಅವರ ಮುಖ ನೋಡುವುದು ಅಂದರೆ ಅವರ ಮಾತಿಗೆ ಎದುರಾಡಿದಂತೆ ಅನ್ನಿಸುತ್ತಿತ್ತು. ಕೈ ಬೀಜದ ಹತ್ತಿರ ಹೋಗಿ ವಾಪಸ್ಸು ಬರುತ್ತಿತ್ತು. "ಬಿಟ್ಟೆ ಮಾವ" ಅಂತ ಎಲೆ ಮಗುಚಿ ಇಟ್ಟುಬಿಡುತ್ತಿದ್ದೆ. ಎಲ್ಲಕ್ಕೂ ದೊಡ್ಡದಾದ ಜೋಡಿ ಎಕ್ಕ ಬಂದ ದಿನವೂ ಬಿಟ್ಟಿದ್ದೇನೆ. ದಿನಾ ಗೆಲ್ಲುವವರು ಮಾವ, ದಿನಾ ಐವತ್ತು ಹೆಜ್ಜೆ ಅಂಗಳ ಸುತ್ತುವವಳು ನಾನು. ಕಾಲು ಗಟ್ಟಿಯಾಗಬೇಕಾದವರು ಮಂಚದ ಮೇಲೆ ಕೂತು ಎಣಿಸುತ್ತಿದ್ದರು. "ಮೂವತ್ತೆಂಟು, ಮೂವತ್ತೊಂಬತ್ತು, ಬ್ಯಾಗ ಬ್ಯಾಗ ನಡಿಯವ್ವ" ಅಂತ ನಗುತ್ತಿದ್ದರು. ಬಿದ್ದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ನಗು ಕೇಳಿ ನನಗೂ ಸೋಲುವುದೇ ಸೊಸೆಯ ಧರ್ಮ ಅನ್ನಿಸಿಬಿಟ್ಟಿತ್ತು.

ಇದರಿಂದ ಇನ್ನೊಂದು ಅನಾಹುತವೂ ಆಯಿತು. ಪೋಕರಿನಲ್ಲಿ ಕೆಲವು ಎಲೆಗಳು ನೋಡಲು ಬಲು ಚೆಂದ, ಆಡಿದರೆ ಗುಂಡಿಗೆ ಬೀಳಿಸುತ್ತವೆ. ಕೈಯಲ್ಲಿ ಒಂದು ರಾಜ, ಒಂದು ಒಂಬತ್ತು ಇದೆ ಅನ್ನಿ. ನಡುವೆ ರಾಜ ಬಿದ್ದರೆ ನಮಗೆ ಜೋಡಿ ರಾಜ ಆಯಿತು ಅಂತ ಹಿಗ್ಗುತ್ತೇವೆ. ಆದರೆ ಎದುರಿನವರು ಜೋರಾಗಿ ಪಣ ಏರಿಸುತ್ತಿದ್ದಾರೆ ಅಂದರೆ ಅವರ ಕೈಯಲ್ಲೂ ರಾಜ ಇರಬಹುದು, ಜೊತೆಗೆ ರಾಣಿಯೋ ಎಕ್ಕವೋ ಇರಬಹುದು. ಜೋಡಿ ಸಮ ಆದಾಗ ಪಕ್ಕದ ಎಲೆ ಯಾರದು ದೊಡ್ಡದು ಅಂತ ನೋಡುತ್ತಾರೆ, ಅಲ್ಲಿ ಒಂಬತ್ತು ಸೋಲುತ್ತದೆ. ಪೂರಾ ಕೆಟ್ಟ ಎಲೆ ಬಂದರೆ ಯಾರೂ ಆಡುವುದಿಲ್ಲ, ದೊಡ್ಡ ನಷ್ಟವೂ ಇಲ್ಲ. ಒಂದೇ ಒಂದು ಮೆಟ್ಟಿಲು ಕೆಳಗಿರುವ ಇಂಥ ಎಲೆಯೇ ಇದ್ದಬದ್ದದ್ದೆಲ್ಲ ಬಾಚಿಕೊಂಡು ಹೋಗುವುದು. ಮಾವನಿಗೆ ರಾಜನ ಮೇಲೆ ಪ್ರಾಣ. ರಾಜನ ಜೊತೆ ಮೂರು ಬರಲಿ, ಆರು ಬರಲಿ, ಬೀಜ ತಳ್ಳುವರು. ನಾನು ಬಿಟ್ಟು ಬಿಟ್ಟು ರಾಜ ಬಂದರೆ ಗೆಲುವು ಖಂಡಿತ ಅಂತ ಅವರಿಗೆ ಕಲಿಸಿದ್ದೆ.

ಮೂರು ವಾರ ಹೀಗೇ ನಡೆಯಿತು. ಒಂದು ದಿನ ಫಿಸಿಯೋಥೆರಪಿಯ ಹುಡುಗಿ ಮಾವನ ತೊಡೆ ಒತ್ತಿ ನೋಡಿ, ನನ್ನನ್ನು ಹೊರಗೆ ಕರೆದಳು. ತೊಡೆ ಸೊರಗುತ್ತಿದೆ, ಇನ್ನೊಂದು ತಿಂಗಳು ಹೀಗೇ ಮಲಗಿದರೆ ಆಮೇಲೆ ಬೇಕೆಂದರೂ ನಡೆಯೋದು ಕಷ್ಟ ಅಂದಳು. ಆ ಮಧ್ಯಾಹ್ನವೂ ಆಟ ಆಡಿದೆವು. ನನಗೆ ಎರಡು ರಾಣಿ ಬಂದವು, ಮಾವ ಬೀಜ ತಳ್ಳಿದರು, ನಾನು ಬಿಟ್ಟೆ. ಎಲೆ ಒಟ್ಟುಮಾಡುವಾಗ ಅತ್ತೆ ನಾನು ಮಗುಚಿಟ್ಟ ಎಲೆಗಳನ್ನು ಎತ್ತಿ ನೋಡಿದರು. ಸಂಜೆ ಹಾಲು ಕರೆಯುವಾಗ ಕೊಟ್ಟಿಗೆಗೆ ನನ್ನನ್ನು ಕೂಗಿದರು.

"ಎಲ್ಡು ರಾಣಿ ಮಡಿಕಂಡು ಬುಟ್ಬುಟ್ಟಲ್ಲ, ಯಾಕೆ?"

"ಮಾವನ ಮೇಲೆ ಎಂಗತ್ತೆ ಏರುಸ್ಲಿ?"

ಅತ್ತೆ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ, ತಲೆ ಎತ್ತಲೂ ಇಲ್ಲ. "ಗೆಲ್ಸಿ ಗೆಲ್ಸಿ ಅವ್ರನ್ನ ಮಂಚಕ್ಕೆ ಕಟ್ಟಾಕ್ಬುಟ್ಟೆ ಕಣೆ" ಅಂದರು.

ನನಗೆ ಮುಖಕ್ಕೆ ಹೊಡೆದಂತಾಯಿತು. ಮೊದಲು ಕೋಪ ಬಂತು, ಇಷ್ಟೆಲ್ಲ ಮಾಡಿ ನನಗೇ ಈ ಮಾತಾ ಅಂತ. ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಿ ಬರುವಷ್ಟರಲ್ಲಿ ಕೋಪ ಇಳಿದು ಅಳು ಬಂತು. ಅತ್ತೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮಾರನೇ ದಿನ ಮಣೆ ಹಾಕಿಕೊಳ್ಳಲು ಹೋದರೆ ಅಲ್ಲಿ ಕುರ್ಚಿ ಇತ್ತು. ಅತ್ತೆ ಮಾವನಿಗೆ ಕೇಳುವ ಹಾಗೇ ಹೇಳಿದರು. "ಕುರ್ಚಿ ಮ್ಯಾಲೆ ಕೂತ್ಕೊ. ಕೆಳೀಕ್ ಕೂತ್ರೆ ನಿಂಗೆ ಎಲೆ ಕಾಣಕಿಲ್ಲ." ಮಾವ ಎಲೆ ಕಲೆಸತೊಡಗಿದರು. ಕುರ್ಚಿಯ ತುದಿಗೆ ಕೂತೆ. ಎಂಟು ವರ್ಷದಲ್ಲಿ ಮೊದಲ ಸಲ ಅವರ ಮುಖಕ್ಕೆ ಮುಖ ಕೊಟ್ಟು ಕೂತಿದ್ದೆ.

ಮೂರನೇ ಆಟಕ್ಕೆ ನನಗೆ ರಾಜ, ರಾಣಿ. ಮಾವ ಐದು ಬೀಜ ತಳ್ಳಿದರು. ನಾನು ಹದಿನೈದು ತಳ್ಳಿದೆ.

"ಮಾವನ್ ಮ್ಯಾಲೆ ಏರುಸ್ತೀಯೇನವ್ವ?"

"ಆಟ ಅಲ್ವಾ ಮಾವ" ಅಂದೆ.

ನಡುವೆ ರಾಜ ಬಿತ್ತು. ಮಾವ ಬೀಸಿ ತಳ್ಳಿದರು, ನಾನೂ ಬಿಡಲಿಲ್ಲ. ಕೊನೆಗೆ ಅವರು ತೋರಿಸಿದ್ದು ರಾಜ, ಆರು. ಎಲೆಗಳನ್ನೇ ನೋಡುತ್ತಾ ಕೂತರು. ಆ ದಿನದ ಕೊನೆಗೆ ಅವರು ಮೂವತ್ತೊಂದು ಬೀಜ ಸೋತಿದ್ದರು. ಕೊಟ್ಟ ಮಾತಿಗೆ ತಪ್ಪುವವರಲ್ಲ. ವಾಕರ್ ಹಿಡಿದು, ಹಲ್ಲು ಕಚ್ಚಿಕೊಂಡು, ಪಡಸಾಲೆಯ ಉದ್ದಕ್ಕೂ ಮೂವತ್ತೊಂದು ಹೆಜ್ಜೆ ಹಾಕಿದರು. ನಡುವೆ ಎರಡು ಸಲ ನಿಂತರು. ನಾನು ಹಿಂದೆ ಕೈಚಾಚಿಕೊಂಡೇ ಇದ್ದೆ. ಮಂಚಕ್ಕೆ ಬಂದು ಕೂತವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟ ಇಟ್ಟರೆ ಉಂಡರು, ಅಷ್ಟೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಮೂರನೇ ದಿನ ಊಟವಾದ ಮೇಲೆ ಅವರೇ ಅತ್ತೆಗೆ ಹೇಳಿದರು. "ಆ ಕಟ್ಟು ತಕ್ಕೊಂಬಾ. ಅವ್ಳನ್ನೂ ಕರಿ. ಅದೆಂಗೆ ಸೋತೆ ಅಂತ ಏಳ್ಕೊಡ್ಲಿ."

ಅಲ್ಲಿಂದಾಚೆಗೆ ನಮ್ಮ ಪಡಸಾಲೆ ಪಾಠಶಾಲೆಯಾಯಿತು. ಯಾವ ಎಲೆ ಆಡಬಹುದು, ಯಾವುದು ಕಣ್ಣು ಕುಕ್ಕಿ ಮೋಸ ಮಾಡುತ್ತದೆ ಅಂತ ಒಂದೊಂದೇ ಹರಡಿ ತೋರಿಸುತ್ತಿದ್ದೆ. ರಾಜ ಹತ್ತು, ರಾಣಿ ಒಂಬತ್ತು, ಎಕ್ಕದ ಜೊತೆಗೊಂದು ಚಿಲ್ಲರೆ ಎಲೆ. ಮಾವ ವಾದ ಮಾಡುತ್ತಿದ್ದರು. ರಾಜ ರಾಜನೇ ಅಲ್ವೇನವ್ವ ಅನ್ನುವರು. ನಾನೂ ಬಿಡುತ್ತಿರಲಿಲ್ಲ, ಅಡುಗೆಮನೆಗೆ ಕೇಳುವಂತೆ ದನಿ ಏರುತ್ತಿತ್ತು. ಒಂದು ದಿನ ತಾವೇ ಹೇಳಿದರು. "ಗೊತ್ತಾಯ್ತು ಬುಡು. ನಾನು ಒಂದ್ಸಲ ಕೊಂಬು ನೋಡಿ ಎತ್ತು ತಂದಿದ್ದೆ. ಉಳಕ್ಕೆ ಕಟ್ಟುದ್ರೆ ಮಲೀಕತ್ತು." ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ಸೊಸೆ ಮಾವನ ಮುಂದೆ ಹಲ್ಲು ಬಿಟ್ಟು ನಗಬಾರದು ಅನ್ನುವುದು ಆ ಗಳಿಗೆಯಲ್ಲಿ ಇಬ್ಬರಿಗೂ ನೆನಪಿರಲಿಲ್ಲ.

ಕಲಿಯುವವರೆಗೆ ಅವರು ಸೋತರು, ಸೋತಷ್ಟೂ ನಡೆದರು. ಐವತ್ತು ಬೀಜ ನೂರಾಯಿತು, ಫಿಸಿಯೋಥೆರಪಿಯ ಹುಡುಗಿ ಇನ್ನೂರಕ್ಕೆ ಏರಿಸಿ ಅಂದಳು. ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಕೊಟ್ಟಿಗೆ ಬಾಗಿಲವರೆಗೆ. ಬಚ್ಚಲಿಗೆ ಒಬ್ಬರೇ ಹೋಗಿ ಬರತೊಡಗಿದರು. ನಾನು ಮಾತ್ರ ಬಚ್ಚಲ ಹೊರಗೆ ನಿಂತಿರುತ್ತಿದ್ದೆ.

ಇಷ್ಟಾದ ಮೇಲೆ ನಾನು ಕೆಲಸಕ್ಕೆ ಹೋಗಬಹುದಿತ್ತು. ಹೋಗಲು ನನ್ನಿಂದಾಗುತ್ತಿರಲಿಲ್ಲ. ನಾನು ತಾಂಡ್ಯದಲ್ಲಿದ್ದಾಗ ಇವರು ಬಿದ್ದರೆ? ಕುಂಟುವ ಮಾವನನ್ನು ಬಿಟ್ಟು ಸಂಬಳಕ್ಕೆ ಓಡಿದಳು ಅಂತ ಊರು ಅಂದರೆ? ಆ ದಿನಗಳಲ್ಲಿ ಡೈರಿಯ ಹತ್ತಿರ ಹೆಂಗಸರು ನನ್ನನ್ನು ಬಹಳ ಹೊಗಳುತ್ತಿದ್ದರು, ಆ ಹೊಗಳಿಕೆಯ ರುಚಿಯೂ ನನಗೆ ಹತ್ತಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಒಂದು ಶುಕ್ರವಾರ ಲ್ಯಾಬಿನಿಂದ ಫೋನ್ ಬಂತು. ಸೋಮವಾರ ಬರದಿದ್ದರೆ ಬೇರೆಯವರು ಸೇರುತ್ತಾರೆ ಅಂದರು. ಯೋಚಿಸಿ ಹೇಳುತ್ತೇನೆ ಅಂದೆ. ಬರುವುದಿಲ್ಲ ಅಂತ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು. ಗೋಡೆಯಾಚೆ ಮಾವನಿಗೆ ಕೇಳಿಸಿತ್ತೆಂದು ಕಾಣುತ್ತದೆ. ಶನಿವಾರ ಬೆಳಿಗ್ಗೆ ಹೇಳಿದರು. "ಓಗವ್ವ ಕೆಲ್ಸಕ್ಕೆ, ನಾನು ನೋಡ್ಕತೀನಿ."

"ಇರ್ಲಿ ಮಾವ, ನಿಮಗೆ ಪೂರ್ತಿ ವಾಸಿಯಾಗ್ಲಿ" ಅಂದೆ. ಮಧ್ಯಾಹ್ನ ಮತ್ತೆ ಅಂದರು, ನಾನು ಮತ್ತೆ ಅದೇ ಮಾತು ಅಂದೆ. ಒಳಗೆ ಹೋಗಿ ಬಿಳಿ ಕೋಟು ಮಡಿಚಿ ಟ್ರಂಕಿನ ಅಡಿಗೆ ಹಾಕಿದೆ.

ಭಾನುವಾರದ ಆಟದಲ್ಲಿ ಅತ್ತೆ ಎಲೆ ಹಂಚಿದರು. ನನಗೆ ಬಂದದ್ದು ರಾಜ, ಗುಲಾಮ, ಎರಡೂ ಆಟೀನು. ಕೆಂಪಗೆ, ಜೋಡಿ ಹಾಕಿದ ಹಾಗೆ ಇದ್ದವು. ಮಾವ ಮೂವತ್ತು ಬೀಜ ತಳ್ಳಿದರು. ಆ ವಾರವೆಲ್ಲ ಅವರು ಎಲೆ ಬಿಟ್ಟು ಬಿಟ್ಟು ಕೂತಿದ್ದರು. ಅಂಥವರು ತಳ್ಳಿದರೆ ಕೈಯಲ್ಲಿ ನಿಜವಾದ ಎಲೆ ಇದೆ ಅಂತಲೇ ಅರ್ಥ, ರಾಜ ಗುಲಾಮ ಬಿಡಬೇಕು ಅಂತಲೇ ಅರ್ಥ. ಈ ಪಾಠ ಮಾಡಿದವಳೇ ನಾನು. ಆದರೂ ಬಿಡಲು ಕೈ ಬರಲಿಲ್ಲ. ನಡುವೆ ರಾಜ, ಏಳು, ನಾಲ್ಕು ಬಿದ್ದವು. ರಾಜ ಕಂಡ ಮೇಲಂತೂ ನನ್ನ ಬುದ್ಧಿ ಓಡಲೇ ಇಲ್ಲ. ಒಂಬತ್ತು ಬಿತ್ತು, ಎರಡು ಬಿತ್ತು. ಮಾವ ಉಳಿದದ್ದನ್ನೆಲ್ಲ ಎರಡೂ ಕೈಯಲ್ಲಿ ಮುಂದೆ ತಳ್ಳಿದರು. ಅವರ ಮುಖ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ನಾನೂ ಎಲ್ಲವನ್ನೂ ತಳ್ಳಿದೆ.

ಅವರು ಎಲೆ ತಿರುಗಿಸಿದರು. ಎಕ್ಕ, ರಾಜ.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನನ್ನ ಇನ್ನೂರು ಬೀಜವೂ ಹೋಗಿತ್ತು. ನಗುತ್ತಾ ಎದ್ದೆ, ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಅಂಗಳಕ್ಕೆ ಹೊರಟೆ.

"ಅಂಗಳ ಬ್ಯಾಡ" ಅಂದರು ಮಾವ. "ಇನ್ನೂರು ಎಜ್ಜೆ ಅಲ್ವಾ. ನಮ್ ಬಾಗ್ಲಿಂದ ಬಸ್ ಸ್ಟಾಪಿಗೆ ಸರ್ಯಾಗಿ ಇನ್ನೂರು ಆಯ್ತದೆ. ನಾಳೆ ಏಳೂಕಾಲ್ ಬಸ್ಸಿಗೆ ನಡಿ."

"ಇನ್ನೂರು ಅಂತ ಯಾರು ಎಣಿಸಿದ್ದು ಮಾವ?"

"ಮೊನ್ನೆ ನೀನು ಬಟ್ಟೆ ಒಗಿಯಕೆ ನಾಲೆತಾವ್ಕೆ ಓಗಿದ್ದಲ್ಲ, ಆವಾಗ ಓಗ್ಬಂದೆ. ಒಬ್ನೇ."

ಅತ್ತೆಯ ಕಡೆ ನೋಡಿದೆ. ಅವರು ಹೌದೆಂದು ತಲೆ ಆಡಿಸಿದರು. ಇರ್ಲಿ ಮಾವ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ಹೊರಬೀಳುವ ಮೊದಲೇ ಅವರು ಅಂದರು. "ಸೋತೋರು ನಡೀಬೇಕು. ನೀನೇ ಮಾಡಿದ್ ರೂಲ್ಸು ಕಣವ್ವ."

ಸೋಮವಾರ ಬೆಳಿಗ್ಗೆ ನಾವು ಮೂವರೂ ಹೊರಟೆವು. ನನ್ನ ಪಕ್ಕದಲ್ಲಿ ವಾಕರ್ ಊರುತ್ತಾ ಮಾವ, ಹಿಂದೆ ನನ್ನ ಊಟದ ಡಬ್ಬಿ ಹಿಡಿದು ಅತ್ತೆ. ಟೀ ಅಂಗಡಿ ಮುಂದೆ ಕೂತಿದ್ದ ಗಂಡಸರು ಮಾತು ನಿಲ್ಲಿಸಿ ನೋಡಿದರು. ನಾನು ಹೆಜ್ಜೆ ಎಣಿಸಲಿಲ್ಲ, ಅವರ ಕಾಲು ನೋಡುತ್ತಾ ನಡೆದೆ. ಬಸ್ಸು ಬಂದು ನಿಂತಿತು. ಹತ್ತುವ ಮೊದಲು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಒಂದು ಕೈ ವಾಕರಿನಿಂದ ಬಿಡಿಸಿ ನನ್ನ ತಲೆ ಮೇಲಿಟ್ಟರು.

"ಓಗು ಅಂದ್ರೆ ನೀನು ಓಯ್ತಿರ್ನಿಲ್ಲ" ಅಂದರು. "ಅದ್ಕೇ ಗೆಲ್ಲೋಗಂಟ ಕಾಯ್ಕೊಂಡಿದ್ದೆ."

ಬಸ್ಸು ಹೊರಟಿತು. ಕಂಡಕ್ಟರ್ ಆಧಾರ್ ಕಾರ್ಡ್ ತೋರ್ಸಿ ಅಂತ ಎರಡು ಸಲ ಕೇಳಿದರೂ ನಾನು ಹಿಂದಿನ ಗಾಜಿನಲ್ಲೇ ನೋಡುತ್ತಿದ್ದೆ. ಮಾವ ವಾಕರ್ ತಿರುಗಿಸಿಕೊಂಡು, ಅತ್ತೆಯ ಕೈ ಹಿಡಿಯದೆ, ಮನೆಯ ಕಡೆ ನಡೆಯುತ್ತಿದ್ದರು. ಗೆದ್ದವರು ಅವರು, ಒಂದು ಹೆಜ್ಜೆಯೂ ನಡೆಯಬೇಕಾಗಿರಲಿಲ್ಲ.